ಚೆಟ್ ಗ್ರಾಬೊವ್ಸ್ಕಿಯ ಟಿಪ್ಸ್ ವಿರೋಧಿ ಹೋರಾಟ

ವಿಹಾರದ ಹಡಗು ಫ್ಲಾರಿಡಾದ ದಡ ಬಿಡುವ ಮೊದಲೇ ಚೆಟ್ ಗ್ರಾಬೊವ್ಸ್ಕಿ ನಮಗೆಲ್ಲ ದುಡ್ಡಿನ ಶಿಸ್ತಿನ ಬಗ್ಗೆ ಭಾಷಣ ಮಾಡಿ ಮುಗಿಸಿದ್ದ. ನಾವೆಂದರೆ ಟೊಲೀಡೊ ನಗರದ ನಿವೃತ್ತ ಬಸ್ ಚಾಲಕರು, ಜೊತೆಗೆ ನಮ್ಮನ್ನು ಕಟ್ಟಿಕೊಂಡವರು. ಒಹಾಯೊದಿಂದ ಬಾಡಿಗೆ ಬಸ್ಸು ಮಾಡಿಕೊಂಡು ಬಂದಿದ್ದೆವು. ಬಸ್ಸಿನ ತುಂಬ ಚಾಲಕರೇ ಕೂತಿದ್ದರೆ ಅದನ್ನು ಓಡಿಸುವವನ ಗತಿ ಏನು ಎಂದು ನೀವೇ ಊಹಿಸಿಕೊಳ್ಳಿ. ಜಾರ್ಜಿಯಾ ದಾಟುವಷ್ಟರಲ್ಲಿ ಆ ಮನುಷ್ಯನಿಗೆ ಬ್ರೇಕು ಯಾವ ಕಾಲಿನ ಕೆಳಗಿದೆ ಎಂಬುದೇ ಮರೆತುಹೋಗಿತ್ತು.

ಚೆಟ್ ನಮ್ಮ ಚಾಲಕರ ಕಾರ್ಮಿಕ ಸಂಘದ ಖಜಾಂಚಿಯಾಗಿದ್ದವನು. ಸಂಘದ ಪಿಕ್‌ನಿಕ್ಕಿಗೆ ಎಷ್ಟು ಸಾಸೇಜು ಬೇಕು ಎಂದು ಲೆಕ್ಕ ಹಾಕಿ ಒಂದೂ ಹೆಚ್ಚಾಗದಂತೆ ತರುತ್ತಿದ್ದ. ಒಂದಿಬ್ಬರಿಗೆ ಸಾಲದೆ ಹೋಗುತ್ತಿತ್ತು, ಅದು ಬೇರೆ ಮಾತು. ಅವನ ವಿಧಾನ ಲಕೋಟೆ. ದಿನಕ್ಕೊಂದು ಲಕೋಟೆ, ಅದರೊಳಗೆ ಆ ದಿನದ ಡಾಲರುಗಳು. ಲಕೋಟೆ ಖಾಲಿಯಾದರೆ ಆ ದಿನವೂ ಖಾಲಿ.

"ನೋಡಿ ಬ್ರದರ್ಸ್," ಎಂದ ಮೇಲಿನ ಡೆಕ್ಕಿನಲ್ಲಿ ನಿಂತು. "ಹಡಗು ಅಂದ್ರೆ ತೇಲೋ ಬಲೆ. ಫೋಟೋ ತೆಗೀತಾರೆ, ದುಡ್ಡು. ಬೆನ್ನು ಒತ್ತುತ್ತಾರೆ, ದುಡ್ಡು. ಬಿಂಗೋ ಆಡಿಸ್ತಾರೆ, ದುಡ್ಡು. ನಗ್‌ನಗ್ತಾನೇ ಜೇಬು ಸವರಿಬಿಡ್ತಾರೆ. ಇದಕ್ಕೆ ಮದ್ದು ಒಂದೇ. ಲಕೋಟೆ."

ನಮ್ಮ ಸಂಘದ ಮಾಜಿ ಅಧ್ಯಕ್ಷೆ ಓಡೆಸಾ ಪ್ರೂಯಿಟ್ ಕುರ್ಚಿಯಲ್ಲಿ ಕಾಲು ಚಾಚಿಕೊಂಡಿದ್ದಳು. "ಹಡಗಲ್ಲಿ ನೋಟು ತಗೊಳ್ಳೋದೇ ಇಲ್ವಲ್ಲೋ ಚೆಟ್. ಎಲ್ಲಾ ಕಾರ್ಡಲ್ಲೇ."

"ಅದನ್ನೇ ಸಿಸ್ಟರ್ ನಾನೂ ಹೇಳ್ತಿರೋದು. ನೋಟು ತಗೊಳ್ಳೋದೇ ಇಲ್ಲ ಅಂದ್ಮೇಲೆ ಖರ್ಚು ಹೇಗಾಗುತ್ತೆ?"

ಓಡೆಸಾ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು. ಮಾಲೀಕರ ವಕೀಲರನ್ನು ಮಾತಿನಲ್ಲಿ ಮಣಿಸಿದ್ದ ಹೆಂಗಸು ಈ ತರ್ಕದ ಮುಂದೆ ಕೈಚೆಲ್ಲಿದ್ದು ನಾನೇ ಕಣ್ಣಾರೆ ಕಂಡದ್ದು.

ಹಡಗಿನ ಕಾರ್ಡು ಕೊರಳಿಗೆ ನೇತುಹಾಕಿಕೊಳ್ಳುವಂಥದು. ಅದೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಪರ್ಸು. ಬಾರಿನವನು ಅದನ್ನು ಉಜ್ಜಿ, ಒಂದು ಚೀಟಿ ಮುಂದಿಟ್ಟು, ಪೆನ್ನು ಕೊಡುತ್ತಾನೆ. ಚೆಟ್ ಮೂವತ್ತು ವರ್ಷ ದಿನಾ ಬೆಳಿಗ್ಗೆ ಡಿಪೋದಲ್ಲಿ ಕಣ್ಣುಮುಚ್ಚಿ ಹಾಜರಿ ಸಹಿ ಹಾಕಿದವನು. ಕಾಗದ ಮುಂದಿಟ್ಟರೆ ಸಹಿ ಹಾಕುವುದು, ಓದುವುದಲ್ಲ, ಅವನ ಅಭ್ಯಾಸ. ಸಂಜೆ ಕೋಣೆಗೆ ಹೋಗಿ ಲಕೋಟೆ ತೆರೆದು ನೋಡುವನು. ನೋಟುಗಳು ಮಿಸುಕಾಡಿಲ್ಲ. ಅವನ ಎದೆ ಅಷ್ಟಗಲವಾಗುವುದು.

"ಬರ್ನಿ, ಇವತ್ತೂ ಒಂದು ಡಾಲರ್ ಮುಟ್ಟಿಲ್ಲ ನೋಡು," ಎಂದು ಹೆಂಡತಿ ಬರ್ನಡೆಟ್‌ಗೆ ತೋರಿಸುವನು. ಉಳಿತಾಯ ಹೆಚ್ಚಿದಷ್ಟೂ ಅವನ ಔದಾರ್ಯವೂ ಹೆಚ್ಚಿತು. ಹಡಗು ಮೆಕ್ಸಿಕೋ ಕಡೆ ತಿರುಗುವಷ್ಟರಲ್ಲಿ ಬಾರಿನಲ್ಲಿ ಕೂತವರಿಗೆಲ್ಲ, "ಈ ಸುತ್ತಿನ ಬಿಲ್ಲು ನಂದು," ಎನ್ನತೊಡಗಿದ್ದ. ಆಮೇಲೆ, "ಇದೂ ನಂದೇ." ಅವನ ಲಕೋಟೆಯ ಶಿಸ್ತನ್ನು ನಾವು ಬಾಯ್ತುಂಬ ಹೊಗಳಿದೆವು, ಬಾಯಿ ಖಾಲಿಯಿದ್ದಾಗ. ಈ ಕಥೆಯಲ್ಲಿ ನಾನು ನಿಷ್ಪಕ್ಷಪಾತಿ ಎಂದು ಯಾರೂ ನಂಬಬೇಡಿ. ಅನಾನಸ್ ಕೊರೆದು ಅದರೊಳಗೆ ರಮ್ ಸುರಿದು ಕೊಡುತ್ತಾರಲ್ಲ, ಅದನ್ನು ನಾನೂ ಅವನ ಸಹಿಯ ಮೇಲೆಯೇ ಕುಡಿದವನು.

ಮೆಕ್ಸಿಕೋದ ಕೊಜುಮೆಲ್ ಬಂದರು ಬಿಟ್ಟ ಮಾರನೆಯ ಬೆಳಿಗ್ಗೆ, ಬರ್ನಡೆಟ್ ಸ್ನಾನಕ್ಕೆ ಹೋಗಿದ್ದಾಗ, ಹವಾಮಾನ ನೋಡೋಣವೆಂದು ಚೆಟ್ ಕೋಣೆಯ ಟೀವಿ ಹಚ್ಚಿದ. ಯಾವುದೋ ಗುಂಡಿ ಒತ್ತಿದ. ಹವಾಮಾನದ ಬದಲು ಅವನ ಲೆಕ್ಕ ಬಂತು. ಬಾರ್. ಬಾರ್. ಬಾರ್. ಒಂದು ಹುಲ್ಲಿನ ಟೋಪಿ. ಮತ್ತೆ ಬಾರ್. ಅವನು ಎಲ್ಲ ಲಕೋಟೆಗಳನ್ನೂ ಹಾಸಿಗೆಯ ಮೇಲೆ ಸುರಿದು ಕೂಡಿಸಿ ನೋಡಿದ. ಸಾಲದು. ಉಳಿದದ್ದು ನೇರ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ, ಅದರ ಬಿಲ್ಲು ಮನೆಗೆ ಬರುತ್ತದೆ, ಅದನ್ನು ಒಡೆದು ಓದುವವಳು ಬರ್ನಡೆಟ್. ಖಜಾಂಚಿಯೆಂಬ ಹೆಸರು ಅಲ್ಲಿಗೆ ಮುಗಿಯಿತು.

ಆಗ ಅವನ ಕಣ್ಣಿಗೆ ಇನ್ನೊಂದು ಬಾಬ್ತು ಬಿತ್ತು. ಟಿಪ್ಸ್. ತಲೆಗಿಷ್ಟು, ದಿನಕ್ಕಿಷ್ಟು ಎಂದು ಹಡಗಿನವರೇ ಹಾಕಿಕೊಂಡು, ಕೋಣೆ ಗುಡಿಸುವವನು, ಊಟ ಬಡಿಸುವವನು, ಕೆಳಗೆಲ್ಲೋ ಕಾಣದ ಕಡೆ ತಟ್ಟೆ ತೊಳೆಯುವವನು, ಎಲ್ಲರಿಗೂ ಹಂಚುವ ದುಡ್ಡು. ಬಿಯರನ್ನು ವಾಪಸು ಕೊಡಲಾಗದು. ಟೋಪಿ ಗಾಳಿಗೆ ಹಾರಿ ಸಮುದ್ರ ಸೇರಿತ್ತು. ಆದರೆ ಇದೊಂದನ್ನು, ಕೌಂಟರಿಗೆ ಹೋಗಿ ಕೇಳಿದರೆ, ತೆಗೆಯುತ್ತಾರೆ. ತೆಗೆದರೆ ಲಕೋಟೆಗೂ ಲೆಕ್ಕಕ್ಕೂ ಸರಿಹೋಗುತ್ತದೆ.

ಗಾಜಿನ ಲಿಫ್ಟುಗಳ ಪಕ್ಕದ ಕೌಂಟರಿನಲ್ಲಿ ಜೋರಿತ್ಸಾ ಎಂಬ ಹೆಸರುಪಟ್ಟಿಯ ಹುಡುಗಿ ನಿಂತಿದ್ದಳು. ಕಳೆದುಕೊಂಡ ಕನ್ನಡಕ ಕೇಳಲು ನಾನೂ ಅದೇ ಸಾಲಿನಲ್ಲಿದ್ದೆ, ಚೆಟ್‌ನಿಂದ ಇಬ್ಬರು ಹಿಂದೆ. ಅವನು ನನ್ನನ್ನು ನೋಡಲಿಲ್ಲ. ಕೌಂಟರಿನ ಮೇಲೆ ಬಗ್ಗಿ, "ಈ ಟಿಪ್ಸ್ ಅಂತ ಇದೆಯಲ್ಲಮ್ಮ, ಅದನ್ನ ತೆಗೀತಾರಂತೆ," ಎಂದ ಮೆತ್ತಗೆ.

"ತೆಗೀಬಹುದು ಮಿಸ್ಟರ್ ಚೆಟ್. ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಛೇ ಛೇ, ಏನಿಲ್ಲ."

"ಕೋಣೆ ಕೊಳಕಾಗಿತ್ತಾ ಸರ್?"

"ಫಳಫಳ ಅಂತಿದೆ."

"ಊಟಕ್ಕೆ ಕಾಯಿಸಿದ್ರಾ?"

"ಬೇಡ ಅಂದ್ರೂ ಬಡಿಸ್ತಾರೆ."

"ಮತ್ತೆ ಕಾರಣ ಏನಂತ ಹಾಕ್ಲಿ ಸರ್? ಕಾರಣ ಹಾಕದೆ ಈ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

ಹಿಂದೆ ನಿಂತಿದ್ದ ದೊಡ್ಡ ಆಸಾಮಿಯೊಬ್ಬ ಕೆಮ್ಮಿದ. ಚೆಟ್ ಬೆವರಿದ. ಬಿಯರ್ ಎಂಬ ನಿಜವಾದ ಕಾರಣ ಗಂಟಲಲ್ಲೇ ನಿಂತಿತು.

"ತತ್ವ," ಎಂದ.

"ಏನು ಸರ್?"

"ತತ್ವದ ಕಾರಣ ಅಂತ ಹಾಕು." ಒಮ್ಮೆ ಬಾಯಿಂದ ಬಿದ್ದ ಮೇಲೆ ದನಿ ತಾನಾಗಿಯೇ ಏರಿತು. "ಕೆಲಸಗಾರರಿಗೆ ಸಂಬಳ ಕೊಡಬೇಕಾದ್ದು ಕಂಪನಿ. ಪ್ರಯಾಣಿಕರ ದಯೆ ಮೇಲೆ ಅವರನ್ನ ಯಾಕೆ ಬಿಡ್ಬೇಕು? ಟಿಪ್ಸ್ ಅನ್ನೋದು ಮಾಲೀಕರು ಕೈ ತೊಳ್ಕೊಳ್ಳೋ ಉಪಾಯ. ನಾನು ಮೂವತ್ತು ವರ್ಷ ಸಂಘದಲ್ಲಿ ದುಡಿದೋನು. ಇದನ್ನ ಪ್ರತಿಭಟಿಸ್ತಿದೀನಿ."

ಇದರಲ್ಲಿ ಹೇಸಿಗೆಯ ಸಂಗತಿ ಏನೆಂದರೆ, ಅವನು ಹೇಳಿದ ಒಂದೊಂದು ಮಾತೂ ನಿಜ. ನಮ್ಮ ಸಂಘದ ಓದುಬಳಗದಲ್ಲಿ, ತಗಡಿನ ಕುರ್ಚಿಗಳ ಮೇಲೆ ಕೂತು, ನಾವೆಲ್ಲ ಒಟ್ಟಿಗೆ ಕಲಿತ ಮಾತುಗಳವು. ಸುಳ್ಳು ಹೇಳುವುದಕ್ಕೆ ಸುಳ್ಳೇ ಬೇಕೆಂದಿಲ್ಲ ಎಂಬುದನ್ನು ಮಾತ್ರ ಅಲ್ಲಿ ಯಾರೂ ಕಲಿಸಿರಲಿಲ್ಲ. ಕಂಪ್ಯೂಟರಿನಲ್ಲಿ ತತ್ವಕ್ಕೆ ಜಾಗವಿರಲಿಲ್ಲ. ಜೋರಿತ್ಸಾ ‘ಇತರೆ’ ಎಂಬುದನ್ನು ಒತ್ತಿದಳು.

ಕೆಮ್ಮಿದ ಆಸಾಮಿ ಚೆಟ್‌ನ ಹೆಗಲಿಗೆ ಕೈಹಾಕಿದ. ಅವನ ಹೆಸರು ಹಾಲ್ವರ್ಸನ್. ಮಿನಿಸೋಟದಲ್ಲಿ ಕಾರು ತೊಳೆಯುವ ಅಂಗಡಿಗಳ ಸಾಲನ್ನೇ ಇಟ್ಟವನು. ಸಂಘ ಕಟ್ಟಲು ಹೊರಟ ತನ್ನ ಕೆಲಸಗಾರರನ್ನು ಮನೆಗೆ ಕಳಿಸಿದ್ದನ್ನು ಹಿಂದಿನ ದಿನವಷ್ಟೇ ಈಜುಕೊಳದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ. "ಎಂಥಾ ಮಾತು ಹೇಳಿದ್ರಿ," ಎಂದ. "ಅಮ್ಮಾ, ನಂದೂ ತೆಗಿ. ನಂದೂ ತತ್ವವೇ."

ಅವನ ಹಿಂದಿನ ಹೆಂಗಸೂ ಕೈಯೆತ್ತಿದಳು. "ನಾವು ಪ್ರತಿ ಸಲ ಟವೆಲ್ ನಾರ್ತಿತ್ತು ಅಂತ ಹೇಳಿ ತೆಗೆಸ್ತಿದ್ವಿ. ಪಾಪ, ಟವೆಲ್ ಯಾವತ್ತೂ ನಾರಿರಲಿಲ್ಲ. ಇದು ಎಷ್ಟೋ ಮರ್ಯಾದಸ್ತ ಕಾರಣ."

ನಾನು ಕನ್ನಡಕ ಕೇಳದೆ ಸಾಲಿನಿಂದ ಜಾರಿಕೊಂಡೆ. ಬಾಯಿಬಿಡಬಹುದಿತ್ತು. ಆ ಸುತ್ತುಗಳ ಲೆಕ್ಕದಲ್ಲಿ ನನ್ನ ಪಾಲೂ ಇತ್ತಲ್ಲ, ಬಾಯಿ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಈಜುಕೊಳ ಮುಟ್ಟಿತು. ಜನ ನೀರಿನಿಂದ ಎದ್ದುಬಂದು, ಒದ್ದೆ ಕೈಯಲ್ಲೇ, ಚೆಟ್‌ನ ಕೈ ಕುಲುಕಿದರು. ಹುಟ್ಟಿದಂದಿನಿಂದ ಯಾವ ಹೋರಾಟಕ್ಕೂ ಹತ್ತು ಹೆಜ್ಜೆ ನಡೆಯದವರು ಈ ಹೋರಾಟಕ್ಕೆ ಈಜುಡುಗೆಯಲ್ಲೇ ಕೌಂಟರಿಗೆ ಓಡಿದರು. ಕಾರ್ಮಿಕರ ಹೆಸರಿನಲ್ಲಿ ಕಾರ್ಮಿಕರ ಜೇಬಿಗೇ ಕೈಹಾಕುವ ಹೋರಾಟ. ಮಾಲೀಕನಿಗೆ ಒಂದು ಕಾಸಿನ ನಷ್ಟವಿಲ್ಲ, ಹೋರಾಟಗಾರನಿಗೆ ನಗದು ಲಾಭ. ಇಂಥದು ಯಾರಿಗೆ ಬೇಡ? ಹಾಲ್ವರ್ಸನ್ ಸಿಕ್ಕಸಿಕ್ಕವರನ್ನೆಲ್ಲ ನಮ್ಮ ಸಂಘದವರ ಹಾಗೆ ‘ಬ್ರದರ್’ ಎಂದು ಕರೆಯತೊಡಗಿದ. ಆ ಶಬ್ದ ಅವನ ಬಾಯಲ್ಲಿ ಹೊಸ ಹಲ್ಲುಸೆಟ್ಟಿನ ಹಾಗೆ ಅಲುಗಾಡುತ್ತಿತ್ತು.

ಸಂಜೆ ಚೆಟ್ ಕೋಣೆಯ ಬಾಗಿಲು ತೆರೆದಾಗ ಹಾಸಿಗೆಯ ಮೇಲೆ ಟವೆಲ್ಲಿನ ಆನೆ ಕೂತಿತ್ತು. ಅದು ದಿನವೂ ಇರುವಂಥದೇ. ಆ ಸಾಲಿನ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ರೊಡೆಲ್ ಎಂಬ ಫಿಲಿಪೀನ್ಸಿನವನು ದಿನಕ್ಕೊಂದು ಪ್ರಾಣಿ ಮಡಿಚಿಡುತ್ತಿದ್ದ. ಇವತ್ತು ಆನೆಯ ಪಕ್ಕ ಮೊಲ, ಕುರ್ಚಿಯ ಮೇಲೆ ಹಂಸ, ಹ್ಯಾಂಗರಿನಿಂದ ನೇತಾಡುವ ಕೋತಿ. ಕೋತಿಗೆ ಚೆಟ್‌ನದೇ ತಂಪು ಕನ್ನಡಕ. ಚೆಟ್‌ನ ಬೂಟುಗಳು ಮುಖ ಕಾಣುವಂತೆ ಹೊಳೆಯುತ್ತಿದ್ದವು. ತನ್ನ ಹೆಸರಿನ ಮುಂದೆ ಈ ಕೋಣೆಯ ಟಿಪ್ಸ್ ಕಡಿತವಾದದ್ದು ರೊಡೆಲ್‌ಗೆ ತಿಳಿದಿತ್ತು. ತಾನೇ ಏನೋ ಕಡಿಮೆ ಮಾಡಿದೆನೆಂದು ಅವನು ತಿಳಿದಿದ್ದ.

"ಅಯ್ಯೋ, ಎಷ್ಟು ಮುದ್ದಾಗಿವೆ," ಎಂದಳು ಬರ್ನಡೆಟ್. "ಇವತ್ತು ಏನು ವಿಶೇಷ?"

ಚೆಟ್ ಕೋತಿಗೆ ಬೆನ್ನು ಹಾಕಿ ಮಲಗಿದ.

ಮಾರನೆಯ ದಿನ ತಿಂಡಿಯ ನಂತರ ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬ ಚೆಟ್‌ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಚಾಕೊಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿಯ ತಟ್ಟೆ. ಹಡಗಿನ ಊಟ ವಸತಿಗೆಲ್ಲ ಅವನೇ ಮುಖ್ಯಸ್ಥ. ಅವನಿಗೆ ಮುಟ್ಟಿದ ಸುದ್ದಿಯಲ್ಲಿ ಚೆಟ್ ಅಮೆರಿಕದ ದೊಡ್ಡ ಕಾರ್ಮಿಕ ಮುಖಂಡ, ಹಡಗಿನ ಸಿಬ್ಬಂದಿಗೆ ಸಂಘ ಕಟ್ಟಿಸಲು ಬಂದವನು.

"ಕಂಪನಿ ಎಲ್ಲರ ಅಭಿಪ್ರಾಯವನ್ನೂ ಗೌರವಿಸುತ್ತೆ ಮಿಸ್ಟರ್ ಚೆಟ್. ಈಜುಕೊಳದ ಹತ್ರ ಸಭೆ ಮಾತ್ರ ಬೇಡ ಅಂತ ನಮ್ಮ ವಿನಂತಿ. ನಿಮ್ಮ ಬೇಡಿಕೆ ಏನು, ಹೇಳಿಬಿಡಿ."

ಆಡಳಿತದವರು ಎದುರು ಕೂತು ‘ನಿಮ್ಮ ಬೇಡಿಕೆ ಏನು’ ಎಂದು ಕೇಳುವುದನ್ನು ನಮ್ಮ ಸಂಘ ವರ್ಷಗಟ್ಟಲೆ ಕಾದಿತ್ತು. ಆ ಗಳಿಗೆ ಬಂದಾಗ ನಮ್ಮ ಪ್ರತಿನಿಧಿಯ ಬಾಯಲ್ಲಿ ಸ್ಟ್ರಾಬೆರಿ ಇತ್ತು. ತಲೆಯಲ್ಲಿ ಕೋತಿ ಬಿಟ್ಟು ಬೇರೇನಿರಲಿಲ್ಲ.

"ಆ ಟವೆಲ್ ಪ್ರಾಣಿಗಳು," ಎಂದ ನುಂಗಿಕೊಂಡು. "ಅವು ಬೇಡ. ಅವುಗಳನ್ನ ನಿಲ್ಸಿ."

ಅಧಿಕಾರಿ ಗಂಭೀರವಾಗಿ ತಲೆದೂಗಿ ಹೋದ. ಬೇಡಿಕೆ ಕೂಡಲೇ ಈಡೇರಿತು. ಮೇಲ್ವಿಚಾರಕನೊಬ್ಬ ರೊಡೆಲ್‌ನ ಹಿಂದೆ ನಿಂತು, ಅವನು ಹಾಸಿಗೆ ಹಾಸುವುದನ್ನೂ ಕನ್ನಡಿ ಒರೆಸುವುದನ್ನೂ ಪರೀಕ್ಷೆಯ ಕೊಠಡಿಯಲ್ಲಿ ನೋಡುವಂತೆ ನೋಡಿದ. ಮಧ್ಯಾಹ್ನ ಬರ್ನಡೆಟ್ ಕೋಣೆಗೆ ಬರುವಾಗ ರೊಡೆಲ್ ತನ್ನ ಗಾಡಿಯ ಪಕ್ಕ ಕಾದು ನಿಂತಿದ್ದ.

"ಮ್ಯಾಡಮ್, ಸರ್‌ಗೆ ಆನೆ ಇಷ್ಟ ಆಗ್ಲಿಲ್ವಾ?"

"ಯಾಕಪ್ಪ? ಅವನಿಗೆ ಆನೆ ಅಂದ್ರೆ ಪ್ರಾಣ."

"ಕೋತಿ ಇರ್ಬೇಕು ಹಾಗಾದ್ರೆ. ಕನ್ನಡಕ ಹಾಕಿದ್ದು ತಪ್ಪಾಯ್ತು ಅನ್ಸುತ್ತೆ. ಕ್ಷಮಿಸೋಕೆ ಹೇಳಿ ಮ್ಯಾಡಮ್. ನನಗೆ ಮುಂದಿನ ಸಲದ ಕೆಲಸದ ಕರಾರು ಇನ್ನೂ ಬಂದಿಲ್ಲ."

ಬರ್ನಡೆಟ್‌ಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ದನಿ ಅವಳಿಗೆ ಗೊತ್ತಿದ್ದ ದನಿ. ಹೆದ್ದಾರಿಯ ಪಕ್ಕದ ಊಟದಂಗಡಿಯಲ್ಲಿ ಅವಳು ಯೌವನವೆಲ್ಲ ಕಾಫಿ ಸುರಿದವಳು. ನಾವು ಬಸ್ಸು ನಿಲ್ಲಿಸಿ ಮುಷ್ಕರ ಹೂಡಿದ ಆ ಚಳಿಗಾಲ, ಸಂಬಳವಿಲ್ಲದ ಚೆಟ್ ಉಂಡದ್ದು ಗಿರಾಕಿಗಳು ಬರ್ನಡೆಟ್‌ಳ ಟೇಬಲ್ಲಿನ ತಟ್ಟೆಗಳ ಅಡಿಯಲ್ಲಿ ಬಿಟ್ಟುಹೋದ ಚಿಲ್ಲರೆಯಿಂದ. ಅವನೊಬ್ಬನೇ ಅಲ್ಲ. ಅವಳು ಬಕೆಟ್ಟಿನಲ್ಲಿ ತಂದ ಸೂಪನ್ನು ಡಿಪೋದ ಗೇಟಿನ ಮುಂದೆ ನಿಂತು ನಾವೆಲ್ಲ ಕುಡಿದಿದ್ದೇವೆ.

ಆ ರಾತ್ರಿಯ ಊಟಕ್ಕೆ ನಾವು ಉದ್ದನೆಯ ಟೇಬಲ್ಲಿನ ಸುತ್ತ ಕೂತಿದ್ದೆವು. ಕಡಲ ಏಡಿ ಬಂದಿತ್ತು. ಹಾಲ್ವರ್ಸನ್ ವೈನ್ ಬಾಟಲಿ ಹಿಡಿದುಕೊಂಡು ನಮ್ಮ ಕಡೆ ಬರುವುದು ಕಂಡಾಗಲೇ ಚೆಟ್ ಏಡಿಯ ಕಾಲನ್ನು ಕೈಬಿಟ್ಟ.

"ಈ ಟೇಬಲ್ಲಿಗೆ ನನ್ನ ಕಾಣಿಕೆ," ಎಂದು ಹಾಲ್ವರ್ಸನ್ ಬಾಟಲಿಯನ್ನು ಬರ್ನಡೆಟ್‌ಳ ಮುಂದಿಟ್ಟ. "ನೀವು ಪುಣ್ಯವಂತರು. ನಿಮ್ಮ ಯಜಮಾನರು ನಮ್ಮೆಲ್ಲರ ಕಣ್ಣು ತೆರೆಸಿದ್ರು."

"ಹೌದಾ? ಏನು ಮಾಡಿದ್ರು?"

"ಹೇಳಿಲ್ವಾ ನಿಮಗೆ? ಎಂಥಾ ವಿನಯ ನೋಡಿ. ಟಿಪ್ಸ್ ತೆಗೆಸಿದವರಲ್ಲಿ ಇವರೇ ಮೊದಲಿಗರು. ಇವರ ಹಿಂದೆ ಅರ್ಧ ಹಡಗೇ ತೆಗೆಸಿದೆ. ತತ್ವದ ಪ್ರಶ್ನೆ."

ಗ್ಲಾಸುಗಳಿಗೆ ನೀರು ತುಂಬುತ್ತಿದ್ದ ಬಡಿಸುವವನು ತುಂಬುವುದನ್ನು ನಿಲ್ಲಿಸಲಿಲ್ಲ. ಅವನ ಕಣ್ಣು ನೀರಿನ ಮೇಲೇ ಇತ್ತು. ಹಾಲ್ವರ್ಸನ್ ತನ್ನ ಟೇಬಲ್ಲಿಗೆ ಹೋದ. ಓಡೆಸಾಳೇ ಮೊದಲು ಬಾಯಿ ತೆರೆದಳು.

"ಚೆಟ್, ನಿನ್ನ ತತ್ವ ಯಾವ ಬ್ರ್ಯಾಂಡಿಂದು? ಬಾಟಲೀದೋ, ಬಾರಿನ ನಲ್ಲೀದೋ?"

"ಸಿಸ್ಟರ್, ತಾತ್ವಿಕವಾಗಿ ನೋಡಿದ್ರೆ—"

"ನನ್ನ ಹತ್ರ ತಾತ್ವಿಕ ಬೇಡ. ನಿನಗೆ ಆ ಮಾತು ಕಲಿಸಿದವಳು ನಾನು."

"ಲಕೋಟೆ ಸಾಲ್ಲಿಲ್ಲ," ಎಂದ ಚೆಟ್. ಅಷ್ಟು ಸಣ್ಣ ದನಿ ಅಷ್ಟು ದೊಡ್ಡ ದೇಹದಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. "ಎಲ್ಲರಿಗೂ ಕುಡಿಸಿದ್ನಲ್ಲ."

ಟೇಬಲ್ಲಿನ ಸುತ್ತ ಕೂತವರೆಲ್ಲ ಏಡಿಯ ಒಳಗೆ ಏನೋ ಬಿದ್ದುಹೋದಂತೆ ಬಗ್ಗಿ ಹುಡುಕತೊಡಗಿದರು. ನಾನೂ ಹುಡುಕಿದೆ.

ಬರ್ನಡೆಟ್ ಎದ್ದು ನಿಂತಳು. ಕೂಗಾಡುತ್ತಾಳೆಂದು ನಾವು ಅಂದುಕೊಂಡೆವು. ಅವಳು ನಮ್ಮ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಎಂಜಲನ್ನು ಮೇಲಿನ ತಟ್ಟೆಗೆ ಕೆರೆದು, ಕೆಳಗಿನವನ್ನು ಮುಂಗೈ ಮೇಲೆ ಸಾಲಾಗಿ ಜೋಡಿಸಿಕೊಂಡಳು. ಬಡಿಸುವವನು ಗಾಬರಿಯಾಗಿ ಓಡಿಬಂದ. "ಮ್ಯಾಡಮ್, ಬೇಡಿ, ಅದು ನಮ್ಮ ಕೆಲಸ."

"ಗೊತ್ತಪ್ಪ. ನಂದೂ ಇದೇ ಕೆಲಸ ಆಗಿತ್ತು," ಎಂದು ಅವನ ಕೈಗೆ ತಟ್ಟೆ ದಾಟಿಸಿ ಗಂಡನ ಕಡೆ ತಿರುಗಿದಳು. "ನಾಳೆ ಆ ಕೌಂಟರಿಗೆ ಹೋಗ್ತೀಯ. ಬೆಳಿಗ್ಗೆ ಬೇಗ ಎದ್ದು, ಯಾರೂ ಇಲ್ಲದಾಗ ಹೋಗಿ ಬರೋದಲ್ಲ. ಸಾಲು ತುಂಬಿರೋ ಹೊತ್ತಲ್ಲಿ."

ಪ್ರಯಾಣದ ಕೊನೆಯ ದಿನ ಸಾಲು ತುಂಬುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಲೆಕ್ಕ ಮುಚ್ಚುವ ಮುನ್ನ ಕೈಗೆ ಸಿಕ್ಕಷ್ಟು ಕಿತ್ತುಕೊಳ್ಳಲು ಹಡಗಿನ ಮರ್ಯಾದಸ್ತರೆಲ್ಲ ಅಲ್ಲಿ ಸೇರಿದ್ದರು. ಸಾಲು ಲಿಫ್ಟುಗಳನ್ನು ದಾಟಿ, ಒಡವೆ ಅಂಗಡಿಯನ್ನು ಬಳಸಿ, ಮೆಟ್ಟಿಲಿನವರೆಗೆ ಬೆಳೆದಿತ್ತು. ಹಾಲ್ವರ್ಸನ್ ಅದರ ಉದ್ದಕ್ಕೂ ಓಡಾಡುತ್ತ, "ಕಾರಣ ಕೇಳಿದ್ರೆ ತತ್ವ ಅನ್ನಿ," ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ನಮ್ಮವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದೆವು. ಬರ್ನಡೆಟ್ ಎಲ್ಲರಿಗಿಂತ ಮುಂದೆ, ಕೈಕಟ್ಟಿಕೊಂಡು.

ಚೆಟ್‌ನನ್ನು ಕಂಡು ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದೆ ಹೋಗಿ ಎಂದು ಜಾಗ ಬಿಟ್ಟರು. ಬೇಡವೆಂದು ಅವನು ಹಿಂದೆ ನಿಲ್ಲಲು ಹೋದರೆ ಎತ್ತಿಕೊಂಡು ಹೋಗುವಂತೆ ಮುಂದಕ್ಕೆ ತಳ್ಳಿದರು.

"ಹೇಳಿ ಮಿಸ್ಟರ್ ಚೆಟ್," ಎಂದಳು ಜೋರಿತ್ಸಾ. ಅವಳ ನಗು ಹಾಗೇ ಇತ್ತು. ಅವಳ ಕಣ್ಣ ಸುತ್ತ ಮಾತ್ರ ಎರಡು ದಿನದ ಸಾಲು ಕಾಣುತ್ತಿತ್ತು.

"ಟಿಪ್ಸ್ ವಾಪಸ್ ಹಾಕಮ್ಮ. ನನ್ನದೂ, ನನ್ನ ಹೆಂಡ್ತಿದೂ. ಮತ್ತೆ ಆ ರೊಡೆಲ್ ಬಗ್ಗೆ ಬರ್ಕೋ, ಅವನು ಏನೂ ತಪ್ಪು ಮಾಡಿಲ್ಲ. ಆನೆ ಚೆನ್ನಾಗಿತ್ತು. ಕೋತಿನೂ ಚೆನ್ನಾಗಿತ್ತು."

"ಕಾರಣ ಏನಂತ ಹಾಕ್ಲಿ ಸರ್?"

"ಸುಳ್ಳು ಹೇಳಿದ್ದೆ. ನನಗೆ ಯಾವ ತತ್ವನೂ ಇರಲಿಲ್ಲ. ಬಿಯರಿಗೆ ಸಹಿ ಹಾಕಿ ಹಾಕಿ ದುಡ್ಡು ಕಮ್ಮಿ ಬಿತ್ತು."

ಚಪ್ಪಾಳೆ ನಿಂತಿತು. ಹಾಲ್ವರ್ಸನ್ ಹತ್ತಿರ ಬಂದ. ಅವನ ಮುಖದಲ್ಲಿ ನಿಜವಾದ ನೋವಿತ್ತು. "ಇಷ್ಟು ಜನರನ್ನ ಕರ್ಕೊಂಡ್ ಬಂದು ಕೊನೇ ಗಳಿಗೇಲಿ ಕೈಕೊಡ್ತೀರಲ್ಲ ಬ್ರದರ್. ಒಗ್ಗಟ್ಟು ಮುರಿಯೋರಿಗೆ ನಿಮ್ಮ ಸಂಘದಲ್ಲಿ ಏನಂತ ಕರೀತಾರೆ?"

ಮೆಟ್ಟಿಲ ಮೇಲೆ ಓಡೆಸಾ ಕಣ್ಣು ಮುಚ್ಚಿಕೊಂಡಳು. ಆ ಬೈಗುಳ ನಮಗೆಲ್ಲ ಗೊತ್ತಿತ್ತು. ಡಿಪೋದ ಗೇಟಿನಲ್ಲಿ ಚೆಟ್ ಅದನ್ನು ಮುಷ್ಕರ ಮುರಿದು ಕೆಲಸಕ್ಕೆ ಹೊರಟ ಎಷ್ಟೋ ಜನರ ಮುಖಕ್ಕೆ ಕೂಗಿದ್ದ.

"ಆಯ್ತು ಸರ್, ನಿಮ್ಮದು ವಾಪಸ್ ಹಾಕಿದೀನಿ," ಎಂದಳು ಜೋರಿತ್ಸಾ. ಆಮೇಲೆ ಅವನ ಭುಜದಾಚೆ ನೋಡಿ, "ಮುಂದಿನವರು ಬನ್ನಿ."

ಮುಂದಿನವನು ಬಂದ. "ತತ್ವ," ಎಂದ. ಅವಳು ಒತ್ತಿದಳು. ಅವನ ಹಿಂದಿನವಳು ಬಂದಳು. "ತತ್ವ." ಚೆಟ್ ಪಕ್ಕಕ್ಕೆ ಸರಿದು ನೋಡುತ್ತ ನಿಂತ. ತನ್ನ ಪಾಲನ್ನು ವಾಪಸು ಹಾಕಿದರೆ ಎಲ್ಲವೂ ವಾಪಸು ಬರುತ್ತದೆಂದು ನಂಬಿ ಬಂದಿದ್ದನೇನೋ. ಬಾಯಿಂದ ಹೊರಟ ಮಾತು ಈಗ ಅವನದಾಗಿರಲಿಲ್ಲ. ಹೊಳೆಯುವ ಬೂಟು ತೊಟ್ಟು ಅಲ್ಲಿ ನಿಂತಿದ್ದ ಅವನನ್ನು ನೋಡಲಾರದೆ ನಾನು ಒಡವೆ ಅಂಗಡಿಯ ಗಾಜನ್ನು ನೋಡಿದೆ.

ಆಮೇಲೆ ಅವನು ಸಾಲಿನ ಉದ್ದಕ್ಕೆ ಹೊರಟ.

"ಸ್ವಾಮಿ, ಅದು ಸುಳ್ಳು," ಎಂದ ಒಬ್ಬನಿಗೆ. "ನಾನು ಕುಡಿದದ್ದಕ್ಕೆ ಕಟ್ಟಿದ ಕತೆ ಅದು. ಮೇಡಂ, ನನ್ನ ಮಾತು ಕೇಳಿ ತೆಗೆಸಬೇಡಿ. ನಾನು ಸುಳ್ಳ."

"ಪಾಪ, ಕಂಪನಿಯವರು ಕೊಂಡ್ಕೊಂಡ್ರು ಇವನನ್ನ," ಎಂದನೊಬ್ಬ. "ಸ್ಟ್ರಾಬೆರಿ ತಿಂದದ್ದನ್ನ ನಾನೇ ನೋಡಿದೀನಿ," ಎಂದಳು ಟವೆಲ್ಲಿನ ನೆಪ ಹೇಳುತ್ತಿದ್ದ ಹೆಂಗಸು. ಯಾರೋ ನಕ್ಕರು. ಕೋಲು ಹಿಡಿದ ಮುದುಕಿಯೊಬ್ಬಳು ಮಾತ್ರ ಅವನ ಮುಖವನ್ನು ಒಂದು ಕ್ಷಣ ನೋಡಿ, ಸಾಲಿನಿಂದ ಹೊರಗೆ ನಡೆದಳು. ಅವಳ ಜಾಗ ಅಲ್ಲೇ ಮುಚ್ಚಿಕೊಂಡಿತು.

ಚೆಟ್ ಮತ್ತೆ ಮೊದಲಿನಿಂದ ಶುರುಮಾಡಿದ. ದನಿ ಒಡೆದಿತ್ತು. ಕಿವಿ, ಕತ್ತು, ಬೋಳುತಲೆ, ಎಲ್ಲ ಕೆಂಪಾಗಿದ್ದವು. ಸಾಕು, ಕರೆದುಕೊಂಡು ಬಾ ಎಂದು ಓಡೆಸಾ ಬರ್ನಡೆಟ್‌ಳ ತೋಳು ಮುಟ್ಟಿದಳು. ಬರ್ನಡೆಟ್ ಮೆಟ್ಟಿಲಿಳಿದು ಗಂಡನ ಪಕ್ಕ ಹೋದಳು. ಅವನ ಅಂಗಿಯ ಕಾಲರನ್ನು ಸರಿಮಾಡಿ, ಸಾಲಿನ ತುದಿಯ ಕಡೆ ಅವನನ್ನು ತಿರುಗಿಸಿ ನಿಲ್ಲಿಸಿದಳು.

"ಜೋರಾಗಿ ಹೇಳು ಚೆಟ್," ಎಂದಳು. "ಹಿಂದಿನವರಿಗೆ ಕೇಳಿಸ್ತಿಲ್ಲ."